ಹೊಳೆಯುವ ಮುಖ ಮೇಲಿರಲಿ

ಫೆಬ್ರವರಿ ೧೨

ಅಪ್ಪ,

ತೀರ್ಥರೂಪು, ಸಾಷ್ಟಾಂಗ, ಉಭಯಕುಶಲೋಪರಿ ಒಂದೂ ಇಲ್ಲ ಈ ಪತ್ರದಲ್ಲಿ. ಅವೆಲ್ಲ ಬಿಚ್ಚದೆ ಕಟ್ಟಿಟ್ಟ ಅಚ್ಚುಮೊಳೆಯ ಸಾಲುಗಳು, ಯಾರ ಪತ್ರಕ್ಕೆ ಬೇಕಾದರೂ ಕೂರುತ್ತವೆ ಎಂದು ಅಚ್ಚುಕೂಟದಲ್ಲಿ ನೀನೇ ನಗುತ್ತಿದ್ದೆ.

ನಾನು ಬಸ್ಸು ಹತ್ತುವಾಗ ನೀನು ಹೇಳಿದ್ದು ನೆನಪಿದೆಯೇ? "ನೆಲದ ಮೇಲಿನ ಕೆಲಸ ಎಲ್ಲ ಮುಗೀತಾ, ಆಕಾಶಕ್ಕೆ ಹೊರಟಿದ್ದೀಯಲ್ಲ?" ಎಲ್ಲರೆದುರಿಗೆ ಹೇಳಿದೆ. ಕಂಡಕ್ಟರ್ ಕೂಡ ನಕ್ಕ. ಅದಕ್ಕೆ ಉತ್ತರ ಹೊಳೆಯಲು ನಾಲ್ಕು ತಿಂಗಳು ಬೇಕಾಯಿತು, ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಉತ್ತರ ಇದು: ನೆಲವೂ ಆಕಾಶದಲ್ಲೇ ಇದೆ.

ಅಲ್ಲದೆ ನನ್ನನ್ನು ಇಲ್ಲಿಗೆ ಕಳಿಸಿದವನು ನೀನೇ. ನಾನು ಓದಿದ್ದೆಲ್ಲ ನೀನು ಜೋಡಿಸಿದ ಕರಪತ್ರಗಳ ಕರಡು. ಕೆಲಸದ ಗಂಟೆ ಎಷ್ಟಿರಬೇಕು, ಹೆಂಗಸರಿಗೆ ಮತ ಯಾಕೆ ಬೇಕು, ನೀರನ್ನು ಯಾಕೆ ಕುದಿಸಬೇಕು, ಕೊನೆಗೆ ಒಂದು ದಿನ ಹದಿನಾರು ಪುಟದ ಸೂರ್ಯಮಂಡಲ. ಮಿಕ್ಕವರ ಮನೆಯಲ್ಲಿ ಅದನ್ನು ಅಂಗಡಿಯವನು ಪೊಟ್ಟಣ ಕಟ್ಟಲು ಬಳಸಿದ. ನಮ್ಮ ಮನೆಯಲ್ಲಿ ಅದು ನನ್ನನ್ನು ಕಟ್ಟಿಕೊಂಡು ಹೋಯಿತು.

ನನ್ನ ಕೆಲಸ ಹಗಲಿನದು. ರಾತ್ರಿ ಗುಮ್ಮಟದಲ್ಲಿ ದೂರದರ್ಶಕದ ಜೊತೆ ಇರುವವನು ಗೂಬೆಯಣ್ಣ. ಅದು ನಾವೆಲ್ಲ ಇಟ್ಟ ಹೆಸರು, ಅವನಿಗೂ ಗೊತ್ತು. ಅವನು ಆಕಾಶದ ಚಿತ್ರವನ್ನು ಗಾಜಿನ ಹಲಗೆಯ ಮೇಲೆ ತೆಗೆದು ತೊಳೆದು ಇಡುತ್ತಾನೆ. ಬೆಳಿಗ್ಗೆ ಅವು ನಮ್ಮ ಕೋಣೆಗೆ ಬರುತ್ತವೆ. ಗಾಜಿನಲ್ಲಿ ಆಕಾಶ ಬೆಳ್ಳಗೆ, ನಕ್ಷತ್ರ ಕಪ್ಪಗೆ. ಒಂದೇ ಜಾಗದ ಎರಡು ದಿನದ ಗಾಜುಗಳನ್ನು ಮಿಟುಕುಪೆಟ್ಟಿಗೆ ಎಂಬ ಯಂತ್ರದಲ್ಲಿಟ್ಟು, ಒಂದು ಹಿಡಿಯನ್ನು ಅತ್ತ ಇತ್ತ ತಳ್ಳಿದರೆ ಒಮ್ಮೆ ಇದು, ಒಮ್ಮೆ ಅದು ಕಾಣುತ್ತದೆ. ನಕ್ಷತ್ರಗಳು ಕದಲುವುದಿಲ್ಲ. ಯಾವ ಚುಕ್ಕೆ ಹಾರುತ್ತದೋ ಅದು ಸೂರ್ಯನನ್ನು ಸುತ್ತುವ ಕಲ್ಲು. ಆ ಕಲ್ಲುಗಳ ಜಾಗ ಅಳೆದು ಬರೆಯುವುದು ನನ್ನ ಕೆಲಸ. ಪುಸ್ತಕದಲ್ಲಿ ಅವುಗಳನ್ನು ಕ್ಷುದ್ರಗ್ರಹ ಎನ್ನುತ್ತಾರೆ. ಕ್ಷುದ್ರವಂತೆ! ಅವು ಯಾರ ಮನೆ ಹಾಳು ಮಾಡಿವೆ?

ಗೋಡೆಯ ಮೇಲೆ ಹನ್ನೆರಡು ನಿಯಮಗಳನ್ನು ಚೌಕಟ್ಟು ಹಾಕಿ ತೂಗುಹಾಕಿದ್ದಾರೆ. ಏಳನೆಯದು: ಗಾಜಿನ ಹೊಳೆಯುವ ಮುಖ ಮೇಲಿರಲಿ. ಯಾಕೆ ಎಂದು ನಿರ್ದೇಶಕರನ್ನೇ ಕೇಳಿದೆ. "ಮೊದಲಿಂದಲೂ ಹಾಗೇ ಇಡ್ತಾರೆ" ಅಂದರು. ಇದು ಉತ್ತರವೇ? ರಾಜರೂ ಇದನ್ನೇ ಹೇಳುತ್ತಿದ್ದರು. ಮಸಿ ಹಿಡಿದ ಮಂಕು ಮುಖವನ್ನು ಮೇಲಿಟ್ಟರೆ ಚುಕ್ಕೆ ಮೊನಚಾಗಿ ಕಾಣುತ್ತದೆ, ನಾನು ನೋಡಿದ್ದೇನೆ. ಮಸುಕಾದ ಗಾಜು ಬಂದಾಗ ಇನ್ನು ಹಾಗೇ ಇಡುತ್ತೇನೆ.

ಇಂತಿ,
ಯಾಕೆ ಎಂದು ಕೇಳುವ ಮಗಳು


ಫೆಬ್ರವರಿ ೨೫

ಮಗಳೇ,

ನಿನ್ನ ಪತ್ರವನ್ನು ತಿದ್ದಿ ಇದರ ಜೊತೆ ವಾಪಸು ಕಳಿಸಿದ್ದೇನೆ. ಕಾಗುಣಿತದ ತಪ್ಪು ಮೂರು. 'ಗುಮ್ಮಟ'ಕ್ಕೆ ಒತ್ತು ಬಿಟ್ಟಿದ್ದೀಯ. ಅಷ್ಟು ದೊಡ್ಡ ಕಟ್ಟಡ, ಒತ್ತಿಲ್ಲದೆ ನಿಲ್ಲುವುದೇ?

ಬಸ್ಸಿನ ಹತ್ತಿರ ಹೇಳಿದ್ದನ್ನು ಹಾಗೇ ಹೇಳಬಾರದಿತ್ತು. ಕಂಡಕ್ಟರ್ ನಕ್ಕದ್ದು ನನಗೂ ಹಿಡಿಸಲಿಲ್ಲ. ಆ ಮಾತು ಅಲ್ಲಿಗೆ ಮುಗಿಯಿತು.

ಕ್ಷುದ್ರ ಎನ್ನುವ ಪದವನ್ನು ನಾನು ಮೂವತ್ತು ವರ್ಷದಿಂದ ಜೋಡಿಸುತ್ತಿದ್ದೇನೆ. ಮುಷ್ಕರ ಮಾಡಿದವರು ಕ್ಷುದ್ರಜೀವಿಗಳು, ಪ್ರಶ್ನೆ ಕೇಳಿದವರು ಕ್ಷುದ್ರಬುದ್ಧಿಗಳು. ಈಗ ಕಲ್ಲುಗಳೂ ಆ ಪಟ್ಟಿಗೆ ಸೇರಿದವೆಂದು ತಿಳಿದು ಸಂತೋಷವಾಯಿತು. ನಮ್ಮವೇ.

ನಿನ್ನ ಅತ್ತೆ ಪತ್ರ ಓದಿ, "ಕಲ್ಲು ನೋಡೋದಕ್ಕೂ ಸಂಬಳ ಕೊಡ್ತಾರಾ? ಹಂಗಾದ್ರೆ ನಾನು ಇಷ್ಟು ವರ್ಷ ಅಕ್ಕಿಯಲ್ಲಿ ಆರಿಸಿದ್ದಕ್ಕೆ ಯಾರು ಕೊಡ್ತಾರೆ?" ಅಂದಳು. ಉತ್ತರ ಬರೆ.

ಕಪ್ಪು ನಕ್ಷತ್ರ ನನ್ನ ಕಣ್ಣಿಗೆ ಕಟ್ಟುತ್ತಿಲ್ಲ. ಒಂದು ಗಾಜನ್ನು ತೆಳು ಕಾಗದದ ಮೇಲೆ ಬರೆದು ಕಳಿಸು. ಚಂದ ಮಾಡಬೇಡ. ಇದ್ದದ್ದು ಇದ್ದಹಾಗೆ, ಕಲೆ ಇದ್ದರೆ ಕಲೆಯೂ ಇರಲಿ.

ಇಂತಿ,
ಮೊಳೆ ಜೋಡಿಸುವ ಅಪ್ಪ


ಮಾರ್ಚ್ ೮

ಅಪ್ಪ!

ಕೂತುಕೊಂಡು ಓದು. ನನಗೆ ಒಂದು ಸಿಕ್ಕಿದೆ.

ಮೂರನೆಯ ತಾರೀಕಿನ ಗಾಜು, ಐದನೆಯ ತಾರೀಕಿನ ಗಾಜು, ಎರಡೂ ಮಸುಕು. ಹಿಡಿ ತಳ್ಳುತ್ತಿದ್ದೆ. ಅಂಚಿನ ಹತ್ತಿರ ಸಾಸಿವೆಗಿಂತ ಸಣ್ಣ ಗೀರೊಂದು ಹಾರಿತು. ಪಟ್ಟಿಯಲ್ಲಿ ಹುಡುಕಿದೆ, ಅಲ್ಲಿ ಯಾವುದೂ ಇಲ್ಲ. ಇದುವರೆಗೆ ಯಾರೂ ಕಾಣದ ಒಂದು ಜಗತ್ತು, ಅಪ್ಪ. ನನ್ನ ಪಕ್ಕದ ಮೇಜಿನವಳು ಆಗ ಪೆನ್ಸಿಲ್ ಕೆತ್ತುತ್ತಿದ್ದಳು. ಅವಳು ಕೆತ್ತುತ್ತಲೇ ಇದ್ದಳು. ನಾನು ಐದು ನಿಮಿಷ ಯಾರಿಗೂ ಹೇಳಲಿಲ್ಲ.

ಇನ್ನೂ ಕೇಳು. ಈ ತಿಂಗಳಲ್ಲಿ ಆಕಾಶದ ಆ ಭಾಗದ ಕಲ್ಲುಗಳೆಲ್ಲ ನಕ್ಷತ್ರಗಳ ನಡುವೆ ಪಶ್ಚಿಮಕ್ಕೆ ಸರಿಯುತ್ತವೆ. ನಮ್ಮ ಭೂಮಿ ಅವುಗಳನ್ನು ಹಿಂದೆ ಹಾಕಿ ಮುಂದೆ ಹೋಗುವಾಗ ಹಾಗೆ ಕಾಣುತ್ತದೆ. ಇದು ಮಾತ್ರ ಪೂರ್ವಕ್ಕೆ ಹೊರಟಿದೆ! ಎಲ್ಲರೂ ಒಂದು ಕಡೆ, ಇದೊಂದೇ ಎದುರು. ಗಾಜಿನ ಮಧ್ಯದಲ್ಲಿ ಒಂದು ದಪ್ಪ ನಕ್ಷತ್ರ, ಅದರ ನೇರ ಮೇಲೆ ಇನ್ನೊಂದು. ಆ ಎರಡನ್ನೇ ಹಿಡಿದು ಮೂರು ಸಲ ಅಳೆದೆ. ಮೂರು ಸಲವೂ ಅದು ಎದುರಿಗೇ ಹೋಯಿತು. ಇಂಥದ್ದು ನನ್ನ ಮೇಜಿಗೇ ಬರಬೇಕಿತ್ತು, ಬಂತು.

ನಿರ್ದೇಶಕರು ಊರಲ್ಲಿಲ್ಲ. ಅವರಿಗಾಗಿ ಕಲ್ಲು ಕಾಯುವುದೇ? ಬೇರೆ ಆರು ವೀಕ್ಷಣಾಲಯಗಳಿಗೆ ನಾನೇ ಕಾರ್ಡು ಬರೆದು ಹಾಕಿದೆ: ಇಂಥ ಕಡೆ ನೋಡಿ, ಪೂರ್ವಕ್ಕೆ ಹೋಗುತ್ತಿದೆ.

ನೀನು ಕೇಳಿದ ಚಿತ್ರ ಇದರಲ್ಲಿದೆ, ಆ ಗಾಜಿನದೇ. ಪೆಟ್ಟಿಗೆಯಲ್ಲಿ ಕಂಡಂತೆ ಪ್ರತಿಯೊಂದು ಚುಕ್ಕೆ ಬರೆದಿದ್ದೇನೆ. ಮೂಲೆಯಲ್ಲಿ ಗೂಬೆಯಣ್ಣ ಏನೋ ಕೋಳಿಕಾಲಿನಂತೆ ಗೀಚಿದ್ದ, ಅದನ್ನೂ ಬಿಟ್ಟಿಲ್ಲ. ನನ್ನ ಕಲ್ಲಿನ ಸುತ್ತ ಕೆಂಪು ಶಾಯಿ ಹಾಕಿದ್ದೇನೆ.

ಇಂತಿ,
ಎದುರು ಹೋಗುವವರ ಕಡೆಯವಳು


ಮಾರ್ಚ್ ೧೯

ಅಪ್ಪ,

ನಿನ್ನ ಉತ್ತರ ಬಂದಿಲ್ಲ. ಚಿತ್ರ ತಲುಪಿತೋ ಇಲ್ಲವೋ.

ನಾನು ಹೇಳಿದ ಜಾಗದಲ್ಲಿ ಗೂಬೆಯಣ್ಣ ನಾಲ್ಕು ಗಾಜು ತೆಗೆದ. ಏನೂ ಇಲ್ಲ. ಬೇರೆ ವೀಕ್ಷಣಾಲಯಗಳಿಂದ ಮೂರು ಉತ್ತರ ಬಂತು, ಅವರಿಗೂ ಏನೂ ಇಲ್ಲ. ಗೂಬೆಯಣ್ಣನಿಗೆ ನಾನು, "ನೀವು ಗುಮ್ಮಟದಲ್ಲಿ ನಿದ್ದೆ ಹೊಡೀತೀರಾ ಅಥವಾ ಗಾಜು ತೊಳೆಯೋವಾಗಲಾ?" ಎಂದು ಕೇಳಿದೆ. ಅವನು ಟೋಪಿ ಹಾಕಿಕೊಂಡು ಹೋದ.

ನಿರ್ದೇಶಕರು ಕರೆದರು. ಅವರ ಮೇಜಿನ ಮೇಲೆ ನನ್ನ ಕಾರ್ಡಿಗೆ ಬಂದ ಮೂರು ಉತ್ತರಗಳು.

"ನೋಡಮ್ಮ, ಊರೆಲ್ಲ ಪಶ್ಚಿಮಕ್ಕೆ ಹೋಗ್ತಿರೋವಾಗ ನಿನ್ನದೊಂದೇ ಪೂರ್ವಕ್ಕೆ ಹೊರಟಿತಾ?"

"ಹೊರಡಬಾರದು ಅಂತ ಯಾರಾದ್ರೂ ಬರೆದಿಟ್ಟಿದ್ದಾರಾ, ಸರ್?"

"ಹೌದು, ಗಣಿತ ಬರೆದಿಟ್ಟಿದೆ. ಅದು ಗಾಜಿನ ಮೇಲಿನ ದೂಳು. ನನ್ನನ್ನ ಕೇಳದೆ ಆರು ಕಡೆಗೆ ಕಾರ್ಡು ಹಾಕಿದ್ದೀಯ. ನಮ್ಮ ಮಾನ ಏನಾಗಬೇಕು?"

"ಎರಡು ಗಾಜಲ್ಲೂ ಒಂದೇ ದೂಳು ಕೂತು, ಒಂದು ಕಲ್ಲು ನಡೆಯೋ ಅಳತೆಗೇ ನಡೆದು ಹೋಯ್ತಾ?"

ಅದಕ್ಕೆ ಅವರು ಮೂರು ಉತ್ತರಗಳನ್ನೂ ಇನ್ನೊಮ್ಮೆ ತಿರುವಿ ನೋಡಿದರು. ಕೆಟ್ಟವರಲ್ಲ, ಅಪ್ಪ. ಆದರೆ ಆಮೇಲೆ ಒಂದು ಕಾಗದ ಮುಂದೆ ತಳ್ಳಿದರು. 'ನಾನು ಕಂಡೆನೆಂದು ತಿಳಿಸಿದ್ದು ಗಾಜಿನ ದೋಷ ಮಾತ್ರ.' ಕೆಳಗೆ ನನ್ನ ರುಜುವಿಗೆ ಚುಕ್ಕೆಗಳ ಸಾಲು. ಈ ತಿಂಗಳ ಕೊನೆಯೊಳಗೆ ರುಜು ಹಾಕದಿದ್ದರೆ ಕೆಲಸ ಮುಂದುವರಿಯುವುದಿಲ್ಲ.

ಹಾಕುವುದಿಲ್ಲ. ಈ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಹೆಂಗಸರು ಕಲ್ಲು ಹುಡುಕಿ ಕೊಟ್ಟಿದ್ದಾರೆ. ಒಂದರ ಜೊತೆಗೂ ಅವರ ಹೆಸರಿಲ್ಲ. ನನ್ನದನ್ನು ದೂಳು ಎಂದು ನನ್ನ ಕೈಯಲ್ಲೇ ಬರೆಸುತ್ತಾರಂತೆ. ಎಲ್ಲರೂ ಒಂದು ಕಡೆ ನಡೆಯುವಾಗ ಎದುರು ನಡೆದದ್ದೇ ಅದರ ಅಪರಾಧ. ಬೇಕಾದರೆ ಈ ಮೇಜನ್ನು ತೆಗೆದುಕೊಳ್ಳಲಿ.

ನೀನು ನನ್ನ ಕಡೆ ಇದ್ದೀಯ ಎಂದು ಒಂದು ಸಾಲು ಬರೆ.

ಇಂತಿ,
ರುಜು ಹಾಕದವಳು


ಮಾರ್ಚ್ ೨೨

ಮಗಳೇ,

ಎರಡೂ ಪತ್ರ ಒಟ್ಟಿಗೇ ಕೈಗೆ ಬಂದವು. ಅಂಚೆಯವನ ಮಗಳಿಗೆ ಹೆರಿಗೆಯಂತೆ, ಹತ್ತು ದಿನ ಅವನು ಬಂದಿರಲಿಲ್ಲ.

ನಿನ್ನ ಚಿತ್ರವನ್ನು ಮೇಜಿನ ಮೇಲೆ ಹರಡಿದೆ. ನಕ್ಷತ್ರದ ಬಗ್ಗೆ ನನಗೇನೂ ಗೊತ್ತಿಲ್ಲ. ಆದರೆ ಮೂಲೆಯ ಕೋಳಿಕಾಲನ್ನು ಓದಿದೆ. ಅದು ಗೀಚು ಅಲ್ಲ. 'ತೆಳು ಮೋಡ' ಎಂದು ಬರೆದಿದೆ. ಬರೆದವನ ಅಕ್ಷರ ಚೆನ್ನಾಗಿಲ್ಲ, ಒಪ್ಪಿದೆ. ಆದರೆ ನೆಟ್ಟಗಿದೆ. ನೆಟ್ಟಗಿಲ್ಲದ್ದು ನೀನು ನೋಡಿದ ಬಗೆ. ಮೊಳೆಯಲ್ಲಿ ಅಕ್ಷರ ಹೇಗಿರುತ್ತದೋ ಹಾಗಿದೆ ಅದು, ಕನ್ನಡಿಯ ಒಳಗಿನಂತೆ.

ಗಾಜು ಮಗುಚಿದೆ, ಮಗಳೇ. ಎರಡೂ ಮಗುಚಿವೆ. ನೀನು ಬೆನ್ನ ಕಡೆಯಿಂದ ನೋಡಿದ್ದೀಯ.

ಹಾಗಾದರೆ ಆ ಎರಡು ದಪ್ಪ ನಕ್ಷತ್ರ ಸರಿಯಾಗಿ ಹೇಗೆ ಕೂತವು ಎಂದು ಕೇಳುತ್ತೀಯ. 'ಠ'ದ ಮೊಳೆಯನ್ನು ಕೈಗೆ ಕೊಟ್ಟರೆ ಹೊಸ ಕೆಲಸಗಾರನಿಗೆ ಅದು ನೇರವೋ ಮಗುಚಿದ್ದೋ ತಿಳಿಯುವುದಿಲ್ಲ. ಎಡಬಲ ಎರಡೂ ಹೆಚ್ಚುಕಡಿಮೆ ಒಂದೇ. ಒಂದರ ಮೇಲೊಂದು ನೇರವಾಗಿ ಇರುವ ನಕ್ಷತ್ರಗಳೂ ಠ ಇದ್ದಹಾಗೆ, ಮಗುಚಿದರೂ ಗುಟ್ಟು ಬಿಡುವುದಿಲ್ಲ. ನಾನಾಗಿದ್ದರೆ 'ನ' ಹಿಡಿಯುತ್ತಿದ್ದೆ. ಪಕ್ಕದಲ್ಲಿರುವ ಯಾವುದಾದರೂ ಮೂರನೆಯ ನಕ್ಷತ್ರ.

ಹೊಳೆಯುವ ಮುಖ ಮೇಲಿರಲಿ ಎಂದು ಗೋಡೆಯ ಮೇಲಿತ್ತಲ್ಲ? ಕಾರಣ ಇದು. ನಿನಗೆ ಅವರು ಹೇಳಲಿಲ್ಲ, ಅದು ಅವರ ತಪ್ಪು. ನೀನು ಕಾರಣ ಹುಡುಕದೆ ಮುರಿದೆ, ಅದು ನಿನ್ನದು.

ಚಿಕ್ಕವಳಾಗಿದ್ದಾಗಲೂ ಮೊಳೆ ಓದಲು ಕಲಿ ಎಂದರೆ ಕಲಿಯುತ್ತಿರಲಿಲ್ಲ. ಅಚ್ಚಾದ ಕರಡು ಬರಲಿ ಎಂದು ಕಾಯುತ್ತಿದ್ದೆ ನೀನು.

ನಿನ್ನ ಕಲ್ಲು ಎಲ್ಲರ ಜೊತೆಗೇ ಹೋಗುತ್ತಿದೆ. ಆದರೆ ಇದೆ. ಅದು ಇದೆ.

ರುಜು ಹಾಕಬೇಡ.

ಇಂತಿ,
ನಿನ್ನ ಕಡೆಯೇ ಇರುವ ಅಪ್ಪ


ಮಾರ್ಚ್ ೨೪
(ಕಾರ್ಡು)

ಅಪ್ಪ,

ಪತ್ರ ತಲುಪಿತು. ಸಿಟ್ಟು ಬಂದಿದೆ. ಒಂದು ವಾರ ಏನೂ ಬರೆಯಬೇಡ.

ಮಗಳು


ಏಪ್ರಿಲ್ ೨

ಅಪ್ಪ,

ಸಿಟ್ಟು ನಿನ್ನ ಮೇಲಲ್ಲ, ಆ ಕಲ್ಲಿನ ಮೇಲೆ. ಎದುರು ಹೋಗುತ್ತದೆ ಎಂದಲ್ಲವೇ ನಾನು ಅದನ್ನು ಅಷ್ಟು ಪ್ರೀತಿಸಿದ್ದು? ಊರೆಲ್ಲ ಹೋಗುವ ಕಡೆಗೇ ಹೋಗುತ್ತದೆಂದು ತಿಳಿದಾಗ, ನನಗೆ ಮೋಸ ಮಾಡಿತು ಅನ್ನಿಸಿತು. ಮರುದಿನ ನಾಚಿಕೆಯಾಯಿತು. ಅದಕ್ಕೆ ನನ್ನ ಕರಪತ್ರಗಳ ಗೊಡವೆ ಏನು? ಅದು ಸೂರ್ಯನನ್ನು ಸುತ್ತುತ್ತಿತ್ತು, ಅಷ್ಟೇ. ಬಂಡಾಯಗಾರ್ತಿ ಬೇಕಾಗಿದ್ದು ನನಗೆ.

ಗಾಜನ್ನು ತಿರುಗಿಸಿ ಇಟ್ಟೆ. ಮೂಲೆಯಲ್ಲಿ 'ತೆಳು ಮೋಡ' ಎಂದು ಮಗುವೂ ಓದುವಂತೆ ಬರೆದಿತ್ತು. ಗೀಚು ಎಂದು ಮೊದಲೇ ತೀರ್ಮಾನಿಸಿದ್ದೆ, ಅದಕ್ಕೇ ಓದಲಿಲ್ಲ. ಆಮೇಲೆ 'ನ' ಹಿಡಿದು ಅಳೆದೆ. ಪಶ್ಚಿಮ. ಎರಡು ದಿನ ಕೂತು, ಈಗ ಎಲ್ಲಿರಬೇಕೆಂದು ಲೆಕ್ಕ ಹಾಕಿದೆ.

ಗಾಜು ತೆಗೆಯಬೇಕಾದವನು ಗೂಬೆಯಣ್ಣ. ಸಂಜೆ ಅವನು ಟೋಪಿ ಕೊಡವುತ್ತ ಮೆಟ್ಟಿಲು ಹತ್ತುವಾಗ ಅಡ್ಡ ನಿಂತೆ.

"ನಿದ್ದೆ ಹೊಡೆದದ್ದು ನೀವಲ್ಲ. ನಾನು" ಅಂದೆ.

"ಗೊತ್ತು" ಅಂದ.

"ಹೇಗೆ ಗೊತ್ತು?"

"ನಾನು ಎಚ್ಚರ ಇದ್ದೆನಲ್ಲಮ್ಮ."

ಜಾಗ ಬರೆದ ಚೀಟಿ ಕೊಟ್ಟೆ. ಎಲ್ಲ ಹೇಳಿದೆ, ನೀನು ಓದಿದ್ದನ್ನೂ. ಅವನು ಬಹಳ ಹೊತ್ತು ನಕ್ಕ. "ಇಪ್ಪತ್ತು ವರ್ಷದಿಂದ ಬರೀತಿದ್ದೀನಿ. ನನ್ನ ಅಕ್ಷರ ಓದಿದ ಮೊದಲನೇ ಮನುಷ್ಯ ನಿಮ್ಮಪ್ಪ. ಅದೂ ಹಿಂದಿನಿಂದ!"

ಮೂವತ್ತೊಂದನೆಯ ತಾರೀಕು ಬೆಳಿಗ್ಗೆ ನನ್ನ ಮೇಜಿನ ಮೇಲೆ ಗಾಜಿತ್ತು. ಮೂಲೆಯಲ್ಲಿ ಮುದ್ದಾದ ದುಂಡಕ್ಷರದಲ್ಲಿ, 'ಆಕಾಶ ಶುಭ್ರ. ನಿದ್ದೆ ಇಲ್ಲ.' ಹೊಳೆಯುವ ಮುಖ ಮೇಲಿಟ್ಟೆ. ನಾನು ಹೇಳಿದ ಜಾಗಕ್ಕಿಂತ ಒಂದು ಕಡ್ಡಿ ದಪ್ಪದಷ್ಟು ಈಚೆಗೆ, ಆ ಗೀರು ಇತ್ತು. ಅಪ್ಪ, ಅದು ಇತ್ತು.

ಅದನ್ನು ಹಿಡಿದುಕೊಂಡೇ ನಿರ್ದೇಶಕರ ಕೋಣೆಗೆ ಹೋದೆ. ಅವರು ಭೂತಗನ್ನಡಿ ಹಿಡಿದು ನೋಡಿದರು. ನಿಜವಾಗಿ ಸಂತೋಷಪಟ್ಟರು, ಎದ್ದು ನಿಂತರು. ಆಮೇಲೆ ಕೂತರು.

"ಒಳ್ಳೇದಾಯ್ತು. ಮಾರ್ಚ್ ಮೂವತ್ತರಂದು ಹೊಸದಾಗಿ ಕಂಡಿತು ಅಂತ ಪ್ರಕಟಿಸೋಣ. ನಿನ್ನ ಹೆಸರೂ ಹಾಕೋಣ, ಆಯ್ತಾ? ಹಳೇ ಗಾಜು, ಪೂರ್ವ, ಕಾರ್ಡು, ಅದೆಲ್ಲ ಬೇಡ."

ನೋಡು, ನನ್ನ ಹೆಸರೂ! ಹನ್ನೊಂದು ವರ್ಷದಲ್ಲಿ ಮೊದಲನೆಯದು. ಒಂದು ಗಳಿಗೆ ಒಪ್ಪಿಬಿಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ಹಳೇ ಗಾಜು ಬಿಟ್ಟರೆ ಒಂದೇ ದಿನದ ಅಳತೆ ಉಳಿಯುತ್ತೆ, ಸರ್. ಅದರಲ್ಲಿ ದಾರಿ ಗೊತ್ತಾಗಲ್ಲ. ಮುಂದಿನ ವರ್ಷ ಅದು ಎಲ್ಲಿ ಬರುತ್ತೆ ಅಂತ ಯಾರಿಗೂ ತಿಳಿಯಲ್ಲ. ಕಳೆದುಹೋಗುತ್ತೆ."

"ಇನ್ನೊಂದೆರಡು ಗಾಜು ತೆಗೆಸೋಣ."

"ಅದು ಮಸುಕಾಗ್ತಾ ಇದೆ. ಮಾರ್ಚ್ ಮೂರು ಬೇಕೇ ಬೇಕು. ಮೂರು ಬೇಕು ಅಂದ್ರೆ ನನ್ನ ತಪ್ಪೂ ಬೇಕು. ಆರು ಕಡೆಯವರು ಇನ್ನೂ ಪೂರ್ವದಲ್ಲಿ ಹುಡುಕ್ತಿದ್ದಾರೆ."

"ತಪ್ಪನ್ನ ಅಚ್ಚು ಹಾಕಿಸಿಕೊಳ್ಳೋ ಸಂಸ್ಥೆ ಎಲ್ಲಾದ್ರೂ ಉಂಟಾ?"

ದೂಳೆಂಬ ಆ ಕಾಗದ ಮೇಜಿನ ಮೇಲೇ ಇತ್ತು. ರುಜುವಿನ ಜಾಗದಲ್ಲಿ, 'ತಪ್ಪು ನನ್ನದು, ಗ್ರಹದ್ದಲ್ಲ' ಎಂದು ಬರೆದು ಹೊರಗೆ ಬಂದೆ. ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ, ಕಾಗದ ಬಂದಿದೆ.

ಈಗ ಕೇಳುತ್ತೇನೆ. ಒಂದು ಹಾಳೆಯ ಕರಪತ್ರ ಹಾಕಿಕೊಡುತ್ತೀಯಾ? ಬರೆದದ್ದು ಇದರ ಜೊತೆಗಿದೆ. ಎರಡು ತಪ್ಪು ಅಳತೆ, ಅದೇ ಎರಡರ ಸರಿ ಅಳತೆ, ಹೊಸದೊಂದು, ಗಾಜು ಹೇಗೆ ಮಗುಚಿತು, ಯಾರು ಕಂಡುಹಿಡಿದರು, ಎಲ್ಲ. ಗಾಜು ತೆಗೆದವನ ಹೆಸರನ್ನು ನನ್ನದರ ಪಕ್ಕದಲ್ಲೇ ಹಾಕು. ಎಲ್ಲ ವೀಕ್ಷಣಾಲಯಗಳಿಗೂ ಕಳಿಸುತ್ತೇನೆ.

ಇಂತಿ,
ಮಗುಚಿ ಬಿದ್ದರೂ ಎದ್ದ ಮಗಳು


ಏಪ್ರಿಲ್ ೧೧

ಮಗಳೇ,

ಇನ್ನೂರು ಪ್ರತಿ ಪಾರ್ಸೆಲ್ ಕಟ್ಟಿದ್ದೇನೆ. ಮಾಲೀಕರು ಹಾಳೆ ಎತ್ತಿ ನೋಡಿ, "ಇದೇನಯ್ಯ, ತನ್ನ ತಪ್ಪನ್ನ ತಾನೇ ಹಂಚೋ ಕರಪತ್ರ ಇದೇ ಮೊದಲು ನೋಡಿದ್ದು" ಅಂದರು. ನಾನೂ ಅಷ್ಟೆ, ಮೂವತ್ತು ವರ್ಷದಲ್ಲಿ ಬೇರೆಯವರ ತಪ್ಪುಗಳನ್ನೇ ಜೋಡಿಸಿದ್ದು.

ಅಂಕಿಗಳನ್ನು ಐದು ಸಲ ನೋಡಿದ್ದೇನೆ. ಅತ್ತೆ ಕೂತು ಓದಿ ಹೇಳಿದಳು, ನಾನು ಮೊಳೆ ಮುಟ್ಟಿ ನೋಡಿದೆ. ಒಂದಂಕಿ ತಪ್ಪಿದರೆ ನಿನ್ನ ಕಲ್ಲು ಬೇರೆ ಬೀದಿಗೆ ಹೋಗುತ್ತದಂತಲ್ಲ, ಅವಳಿಗೆ ಅದೇ ದಿಗಿಲು.

ಒಂದು ಕಡೆ ನಿನ್ನ ಮಾತು ಮೀರಿದ್ದೇನೆ. ನೀನು ಏಳು ಸಲ ಕ್ಷುದ್ರಗ್ರಹ ಎಂದು ಬರೆದಿದ್ದೀಯ. ನನ್ನ ಪೆಟ್ಟಿಗೆಯಲ್ಲಿ 'ಕ್ಷು' ಸವೆದುಹೋಗಿದೆ. ಜನರ ಮೇಲೆ ಬಹಳ ಬಳಸಿದ್ದರಿಂದ ಇರಬೇಕು. ಕಿರುಗ್ರಹ ಎಂದು ಹಾಕಿದ್ದೇನೆ.

(ಸವೆದಿಲ್ಲ. ಹಾಕಲು ಮನಸ್ಸು ಬರಲಿಲ್ಲ.)

ಕರಪತ್ರದ ತಲೆಬರಹದ ಮೊಳೆಗಳನ್ನು ಬಿಚ್ಚದೆ ದಾರ ಕಟ್ಟಿ ಪಾರ್ಸೆಲ್ಲಿನಲ್ಲಿ ಇಟ್ಟಿದ್ದೇನೆ. ಕರಡು ಕಳಿಸುವುದಿಲ್ಲ. ಹಾಗೇ ಓದಲು ಕಲಿ.

ಕೆಲಸ ಹೋದರೆ ಮನೆ ಇದೆ. ಆದರೆ ಮನೆಗೆ ಬಾ ಎಂದು ಬರೆಯುತ್ತಿಲ್ಲ, ಗಮನಿಸು.

ಇಂತಿ,
ನಿನ್ನ ಮುದ್ರಕ


ಮುಂದಿನ ವರ್ಷ, ಜುಲೈ ೧೮

ಅಪ್ಪ,

ಬಂತು.

ಮಸುಕಾಗಿ ಸೂರ್ಯನ ಆಚೆಗೆ ಸುತ್ತಿಹೋಗಿದ್ದು, ಹದಿನಾರು ತಿಂಗಳ ಮೇಲೆ, ಕರಪತ್ರದ ಅಂಕಿಗಳು ಹೇಳಿದ ವಾರದಲ್ಲೇ, ಹೇಳಿದ ನಕ್ಷತ್ರದ ಪಕ್ಕದಲ್ಲೇ ಬಂತು. ಈ ಹೊಸ ವೀಕ್ಷಣಾಲಯದ ಗಾಜಿನಲ್ಲಿ ನಾನು ಕಂಡೆ. ಮರುದಿನ ಇನ್ನೆರಡು ಕಡೆಯಿಂದ ತಂತಿ ಬಂತು. ಮೂರನೆಯದು ನನ್ನ ಹಳೆಯ ನಿರ್ದೇಶಕರಿಂದ: 'ಕಂಡಿತು. ಮಾರ್ಚ್ ಮೂರು ಬೇಕೇ ಬೇಕಿತ್ತು.' ಅಷ್ಟೇ ಪದ. ಅವರಿಗೆ ಇನ್ನೂ ಉತ್ತರ ಬರೆದಿಲ್ಲ, ಬರೆಯುತ್ತೇನೆ. ಗೂಬೆಯಣ್ಣ ಕಾರ್ಡು ಹಾಕಿದ್ದಾನೆ. ಓದಲಾಗಲಿಲ್ಲ, ನಿನಗೆ ಕಳಿಸಿದ್ದೇನೆ.

ಇಲ್ಲಿ ನನ್ನನ್ನು ಸೇರಿಸಿಕೊಂಡಾಗ ಹಿರಿಯ ಖಗೋಳಜ್ಞೆ ಕೈಯಲ್ಲಿ ನಿನ್ನ ಹಾಳೆ ಹಿಡಿದಿದ್ದರು. "ನಿನ್ನ ಲೆಕ್ಕ ನೋಡಿ ಕರೆದದ್ದಲ್ಲ, ಲೆಕ್ಕ ಹಾಕೋರು ಬೇಕಾದಷ್ಟಿದ್ದಾರೆ. ಗಾಜು ಮಗುಚಿತು ಅಂತ ಹೇಳೋರು ಸಿಕ್ಕಿರಲಿಲ್ಲ" ಅಂದರು. ಹದಿನಾಲ್ಕು ತಿಂಗಳಲ್ಲಿ ಇನ್ನೂ ಒಂಬತ್ತು ಸಿಕ್ಕಿವೆ. ಒಂಬತ್ತೂ ನನ್ನ ಹೆಸರಲ್ಲೇ ಇವೆ. ಎಲ್ಲವೂ ಎಲ್ಲರ ಜೊತೆ ಹೋಗುವಂಥವೇ. ಎದುರು ಹೋಗುವುದು ಒಂದೂ ಸಿಗಲಿಲ್ಲ, ಹುಡುಕುವುದನ್ನು ನಾನೂ ಬಿಟ್ಟಿಲ್ಲ.

ನೀನು ಕೇಳಿದ್ದೆ, ಹೆಸರು ಏನಿಡುತ್ತೀ ಎಂದು. ಇನ್ನೂ ಎರಡು ಮೂರು ಸುತ್ತು ಕಂಡ ಮೇಲೆ ಆ ಹಕ್ಕು. ದೊಡ್ಡವರ ಹೆಸರಂತೂ ಇಲ್ಲ. 'ತೆಳು ಮೋಡ' ಎಂದಿಡೋಣವೆಂದಿದ್ದೇನೆ. ಬರೆದವನಿಗೂ ಸಂದಿತು, ಓದಿದವನಿಗೂ ಸಂದಿತು.

ಕಳೆದ ತಿಂಗಳು ಅಳತೆಗೆ ಇಬ್ಬರು ಹೊಸ ಹುಡುಗಿಯರು ಸೇರಿದರು. ಅವರಿಗಾಗಿ ಗೋಡೆಗೆ ನಿಯಮ ಬರೆದು ಹಾಕು ಎಂದರು. ಬರೆದೆ. ಒಂದೇ ಹಾಳೆ: 'ಗಾಜಿನ ಹೊಳೆಯುವ ಮುಖ ಮೇಲಿರಲಿ. ಕಾರಣ: ಮಗುಚಿದರೆ ಪಶ್ಚಿಮ ಪೂರ್ವವಾಗುತ್ತದೆ, ನನಗೆ ಆಗಿತ್ತು.' ಅದರ ಕೆಳಗೆ ಇನ್ನೊಂದು ಸಾಲು: 'ಕಾರಣ ಬರೆಯದ ನಿಯಮ ಈ ಗೋಡೆಯ ಮೇಲೆ ಕಂಡರೆ, ಕಿತ್ತುಹಾಕುವ ಮೊದಲು ಕೇಳಿ. ಹೇಳದಿದ್ದರೆ ಕಿತ್ತುಹಾಕಿ.'

ಇಬ್ಬರಲ್ಲಿ ಚಿಕ್ಕವಳು ಓದಿ, ನನ್ನ ಮೇಜಿನ ಮೇಲಿನ ದಾರ ಕಟ್ಟಿದ ಮೊಳೆಸಾಲನ್ನು ಎತ್ತಿಕೊಂಡಳು. "ಇದೇನಕ್ಕ, ಏನು ಬರೆದಿದೆ? ಎಲ್ಲ ಉಲ್ಟಾ ಇದೆಯಲ್ಲ."

ಕನ್ನಡಿ ಹಿಡಿಯದೆ, ಕರಡು ತೆಗೆಯದೆ, ಅವಳ ಕೈಯಲ್ಲಿ ಇದ್ದಹಾಗೇ ಓದಿ ಹೇಳಿದೆ: 'ತಪ್ಪು ನನ್ನದು, ಗ್ರಹದ್ದಲ್ಲ.'

ಇಂತಿ,
ಮೊಳೆ ಓದುವ ಮಗಳು